ನಾಲ್ಕು ನಿಮಿಷದ ದೂರ

ಆಫೀಸಿನಲ್ಲಿ ನನಗೆ ಪತ್ತೇದಾರಿ ಅಕ್ಕ ಅಂತ ಹೆಸರಿಟ್ಟಿದ್ದಾರೆ. ಬೆನ್ನ ಹಿಂದೆ ಮಾತ್ರ, ಎದುರಿಗೆ ‘ಮೇಡಂ’. ಹೆಸರಿಟ್ಟವರು ಯಾರು ಅಂತಲೂ ನನಗೆ ಗೊತ್ತು, ಅದನ್ನು ಪತ್ತೆ ಹಚ್ಚಲು ಎರಡೇ ದಿನ ಸಾಕಾಯಿತು. ಮೂವತ್ತೊಂದು ವರ್ಷ ಈ ಕೆಲಸ ಮಾಡಿದವಳಿಗೆ ಅನುಮಾನ ಬರದೆ ಇನ್ನೇನು ಭಕ್ತಿ ಬರುತ್ತದೆಯೇ?

ಕೆಲಸ ಇಷ್ಟೇ. ದೇಶದ ನೆಲದಲ್ಲಿ ಎಷ್ಟು ಪಾಲು, ಕಡಲಿನಲ್ಲಿ ಎಷ್ಟು ಪಾಲು ಮರಕ್ಕೆ, ಹಕ್ಕಿಗೆ, ಮೀನಿಗೆ ಅಂತ ಕಾಯ್ದಿಟ್ಟಿದ್ದಾರೆ ಎಂದು ಅಳೆಯುವುದು. ವರ್ಷಕ್ಕೊಮ್ಮೆ ನಮ್ಮ ಕೋಣೆಯಿಂದ ಎರಡು ಅಂಕಿ ಹೊರಡುತ್ತವೆ: ನೆಲ ಶೇಕಡಾ ಇಷ್ಟು, ಕಡಲು ಶೇಕಡಾ ಇಷ್ಟು. ಕೇಳಲು ಸುಲಭ. ಆದರೆ ಕಣ್ಣಿಗೆ ಮಣ್ಣೆರಚಲು ಇಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಒಂದೇ ಕಾಡನ್ನು ಎರಡು ಇಲಾಖೆಯವರು ಎರಡು ಹೆಸರಿನಲ್ಲಿ ಕಳಿಸುತ್ತಾರೆ, ಒಂದರ ಮೇಲೊಂದು ಇಟ್ಟು ನೋಡಿ ಒಂದೇ ಸಲ ಎಣಿಸಬೇಕು. ನೆಲದ ಉದ್ಯಾನ ಅಂತ ಬಂದದ್ದರಲ್ಲಿ ಅರ್ಧ ನೀರಿನೊಳಗೆ ಇರುತ್ತದೆ, ಅದನ್ನು ಕತ್ತರಿಸಿ ಕಡಲಿನ ಪಾಲಿಗೆ ಹಾಕಬೇಕು. ಇನ್ನು ಕೆಲವರು ಗಡಿಯನ್ನೇ ಕಳಿಸುವುದಿಲ್ಲ. ಒಂದು ಚುಕ್ಕಿ, ಜೊತೆಗೆ ಇಷ್ಟು ಚದರ ಕಿಲೋಮೀಟರ್ ಅಂತ ಒಂದು ಅಂಕಿ, ಅಷ್ಟೇ. ಅಂಥವಕ್ಕೆ ಆ ಚುಕ್ಕಿಯನ್ನು ನಡುವಿಗಿಟ್ಟು ಅಷ್ಟೇ ವಿಸ್ತಾರದ ವೃತ್ತ ಎಳೆಯಬೇಕೆಂದು ನಿಯಮ. ಗಡಿ ಬರುವ ತನಕ ಮಾತ್ರ. ಗಡಿ ಬರುವುದಿಲ್ಲ. ಯಾರೋ ಊಟಕ್ಕೆ ತಟ್ಟೆ ಹಾಕಿ ಮರೆತುಹೋದ ಹಾಗೆ ಆ ವೃತ್ತಗಳು ನಕ್ಷೆಯ ಕಡಲಿನಲ್ಲಿ ವರ್ಷಗಟ್ಟಲೆ ಕೂತಿರುತ್ತವೆ.

ಈ ಕೋಣೆಗೆ ಮೂರು ತಿಂಗಳ ಕೆಳಗೆ ಕಡಲು ಇಲಾಖೆಯಿಂದ ಒಬ್ಬ ವರ್ಗವಾಗಿ ಬಂದ. ನನ್ನದೇ ವಯಸ್ಸು. ರಬ್ಬರ್ ಅಟ್ಟೆಯ ಚಪ್ಪಲಿ, ಬಂದದ್ದು ಹೋದದ್ದು ಗೊತ್ತಾಗುವುದಿಲ್ಲ. ಕೇಳಿದ್ದಕ್ಕೆ ‘ಹೂಂ’, ಕೇಳದಿದ್ದರೆ ಅದೂ ಇಲ್ಲ. ನಾನು ಆತನಿಗೆ ಗುಮ್ಮನಗುಸಕ ಅಂತ ಹೆಸರಿಟ್ಟೆ. ನನಗೂ ಹೆಸರಿಡಲು ಬರುತ್ತದೆ.

ಗುಮ್ಮನಗುಸಕನ ಮೇಲೆ ಮೊದಲ ವಾರದಿಂದಲೇ ನನಗೆ ಒಂದು ಕಣ್ಣಿತ್ತು. ಫೋನ್ ಬಂದರೆ ಮೆಟ್ಟಿಲ ಹತ್ತಿರ ಹೋಗಿ ಮಾತಾಡುತ್ತಿದ್ದ. ನಾನು ಆತನ ಮೇಜಿನ ಪಕ್ಕ ಹಾದರೆ ಪರದೆಯ ಮೇಲಿನ ನಕ್ಷೆ ಪಟ್ಟನೆ ಮಾಯವಾಗಿ ರಜೆ ಅರ್ಜಿಯ ನಮೂನೆ ಬರುತ್ತಿತ್ತು. ಮೂರು ತಿಂಗಳಲ್ಲಿ ಒಂದು ದಿನವೂ ರಜೆ ಹಾಕದವನಿಗೆ ಆ ನಮೂನೆ ಯಾಕೆ? ಒಂದು ದಿನ ಟೀ ಕುಡಿಯುವಾಗ ತಾನಾಗಿಯೇ ಬಾಯಿ ಬಿಟ್ಟ.

“ನಿಮ್ಮ ತಮ್ಮ ಮೀನು ಹಿಡೀತಾರಂತೆ?”

“ಯಾರು ಹೇಳಿದ್ರು?”

“ಯಾರೋ ಹೇಳಿದ್ರು.”

ಅಷ್ಟೇ ಮಾತು. ನನಗೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ತಮ್ಮನ ವಿಷಯ ನಾನು ಆಫೀಸಿನಲ್ಲಿ ಆಡುವವಳೇ ಅಲ್ಲ.

ಅದಾಗಿ ಎರಡು ವಾರಕ್ಕೆ, ಒಂದು ಗುರುವಾರ, ತಮ್ಮನೇ ಆಫೀಸಿಗೆ ಬಂದ. ಬಂದರಿನಿಂದ ನಮ್ಮ ಆಫೀಸಿಗೆ ಬಸ್ಸಿನಲ್ಲಿ ಎರಡು ಗಂಟೆ. ಸುಮ್ಮನೆ ಬರುವ ಆಸಾಮಿಯಲ್ಲ. ಮುಖ ಬಾಡಿತ್ತು, ಕೈಯಲ್ಲಿ ನಾಲ್ಕಾಗಿ ಮಡಿಸಿದ ಕಾಗದ.

“ಅಕ್ಕ, ದೋಣಿಗೆ ಸೀಲ್ ಹಾಕಿದಾರೆ.”

“ಏನು ಮಾಡ್ದೆ?”

“ನೋಡು, ನಿನ್ನ ಮೊದಲ ಮಾತೇ ಇದು. ಅವರೇನು ಮಾಡಿದ್ರು ಅಂತ ಕೇಳಲ್ಲ, ನೀನೇನು ಮಾಡ್ದೆ ಅಂತ ಕೇಳ್ತೀಯ.”

ಕೂರಿಸಿ ನೀರು ಕೊಟ್ಟೆ. ಕಾಗದ ಓದಿದೆ. ರಕ್ಷಿತ ಕಡಲಿನೊಳಗೆ ಬಲೆ ಬಿಟ್ಟ ತಪ್ಪಿಗೆ ದೋಣಿ ವಶ, ಸೋಮವಾರ ವಿಚಾರಣೆ, ಪರವಾನಗಿ ಯಾಕೆ ರದ್ದು ಮಾಡಬಾರದು ಎಂದು ಅಂದು ಬಂದು ಹೇಳತಕ್ಕದ್ದು. ಐವತ್ತು ವರ್ಷದವನಿಗೆ ಪರವಾನಗಿ ಒಮ್ಮೆ ಹೋದರೆ ಮತ್ತೆ ಸಿಗುವುದಿಲ್ಲ, ಹೊಸಬರ ಸರದಿಯೇ ಅಷ್ಟುದ್ದ ಇದೆ. ಅವನಿಗೆ ದೋಣಿ ಬಿಟ್ಟರೆ ಬೇರೇನೂ ಬರುವುದಿಲ್ಲ. ನೆಲದ ಮೇಲೆ ನಡೆಯುವಾಗಲೂ ಅವನು ಕೊಂಚ ವಾಲುತ್ತಾನೆ.

“ತೊಟ್ಟಿಲಿಗೆ ಹೋಗಿದ್ಯಾ?”

“ಅಮ್ಮನಾಣೆ ಇಲ್ಲ.”

ತೊಟ್ಟಿಲು ಅಂದರೆ ನಮ್ಮ ಕಡಲಿನ ಅಡಿಯಲ್ಲಿರುವ ಒಂದು ಬಂಡೆಹಾಸು. ಮೀನು ಮೊಟ್ಟೆ ಇಡುವ ಜಾಗವಾದ್ದರಿಂದ ಆ ಹೆಸರು. ಹನ್ನೊಂದು ವರ್ಷದ ಕೆಳಗೆ ಅದನ್ನು ರಕ್ಷಿತ ಕಡಲೆಂದು ಸಾರಿ ಬಂದರಿನಲ್ಲಿ ಬೋರ್ಡು ನೆಟ್ಟರು. ಅವತ್ತಿನಿಂದ ಸಣ್ಣ ದೋಣಿಯವರು ಯಾರೂ ಆ ಕಡೆ ಸುಳಿದಿಲ್ಲ. ಅಲ್ಲಿಂದ ತೆಂಕಲಿಗೆ ಬರೀ ಮರಳಿನ ತಳ, ಅಲ್ಲಿ ಸಿಕ್ಕಿದ್ದನ್ನು ಹಿಡಿದುಕೊಂಡು ಬದುಕಿದ್ದರು.

ನಾನು ನಕ್ಷೆ ತೆರೆದೆ. ಕಾಗದದಲ್ಲಿದ್ದ ಜಾಗಕ್ಕೆ ಗುರುತು ಹಾಕಿದೆ. ಗುರುತು ಒಂದು ದುಂಡನೆಯ ತಟ್ಟೆಯ ನಟ್ಟನಡುವೆ ಬಂದು ಕೂತಿತು. ತಟ್ಟೆಯ ಪಕ್ಕದಲ್ಲಿ ತೊಟ್ಟಿಲಿನ ಹೆಸರು, ನಲವತ್ತೆರಡು ಚದರ ಕಿಲೋಮೀಟರ್.

“ಒಳಗೇ ಇದ್ದೀಯಲ್ಲೋ.”

ತಮ್ಮ ಎದ್ದು ಬಂದು ಪರದೆಗೆ ಮೂಗು ತಾಗುವಷ್ಟು ಬಗ್ಗಿದ. ಕಡಲ ನಡುವೆ ದೀಪಸ್ತಂಭ ಹೊತ್ತು ನಿಂತ ದೀಪದ ಬಂಡೆ ಹುಡುಕಿದ, ದಡದ ಗುಡ್ಡ ಹುಡುಕಿದ. ಆಮೇಲೆ ತಟ್ಟೆಯ ಹೊರಗೆ, ಮೇಲ್ಗಡೆ ಬೆರಳಿಟ್ಟ.

“ತೊಟ್ಟಿಲು ಇಲ್ಲಿದೆ ಅಕ್ಕ. ದೀಪದ ಬಂಡೆ ಗುಡ್ಡದ ಸೀಳಿಗೆ ನೇರ ಬಂದಾಗ ಕೆಳಗೆ ತೊಟ್ಟಿಲು. ಅಪ್ಪ ತೋರಿಸಿಕೊಟ್ಟಿದ್ದು, ನೀನೂ ಇದ್ದೆ. ನಿಮ್ಮ ಈ ಗುಂಡಗಿನದು ಮರಳಿನ ಮೇಲೆ ಬಂದು ಕೂತಿದೆ.”

ಅವನು ಸುಳ್ಳು ಹೇಳುತ್ತಿರಬಹುದು ಅಂತಲೂ ಒಂದು ಕ್ಷಣ ಅನ್ನಿಸಿತು. ನನ್ನ ಬುದ್ಧಿಯೇ ಹಾಗೆ, ನಾಚಿಕೆಯಾದರೂ ಹೇಳುತ್ತೇನೆ. ವರ್ಷಗಳಿಂದ ಅವನು ಮನೆಗೆ ಬಂದಾಗಲೆಲ್ಲ ತೊಟ್ಟಿಲಲ್ಲಿ ಟ್ರಾಲರುಗಳು ತಳ ಕೆರೆದು ಬಲೆ ಎಳೆಯುತ್ತಿವೆ ಅಂತ ಗೋಳಾಡುತ್ತಿದ್ದ. ದೊಡ್ಡ ದೋಣಿಯವರ ಮೇಲೆ ಹೊಟ್ಟೆಕಿಚ್ಚು, ಒಂದಕ್ಕೆ ಹತ್ತು ಸೇರಿಸುತ್ತಾನೆ ಅಂದುಕೊಂಡು ನಾನು ಅನ್ನ ಬಡಿಸಿ ಮಾತು ಮರೆಸುತ್ತಿದ್ದೆ.

“ಈಗ ಗೊತ್ತಾಯ್ತು,” ಅಂದ ತಮ್ಮ. “ಟ್ರಾಲರ್‌ನೋರ ದಾರಿ ತೋರ್ಸೋ ಮಶೀನಲ್ಲಿ ನಿಮ್ಮ ನಕ್ಷೆನೇ ಇರೋದು. ಅದರಲ್ಲಿ ತೊಟ್ಟಿಲು ಖಾಲಿ ಜಾಗ. ಅದಕ್ಕೇ ಅಷ್ಟು ರಾಜಾರೋಷವಾಗಿ ಎಳೀತಾರೆ. ಈ ವರ್ಷ ಕಾವಲು ದೋಣಿಗೂ ಇದೇ ನಕ್ಷೆ ಕೊಟ್ಟಿದಾರೆ, ಅದಕ್ಕೇ ನಾನು ಸಿಕ್ಕಿಬಿದ್ದೆ. ಯಾರೋ ಬೇಕಂತ್ಲೇ ಇದನ್ನ ಸರಿಸಿದಾರೆ ಅಕ್ಕ. ನಿಮ್ಮೋರೇ ಯಾರೋ.”

ನಾನು ತಲೆ ಎತ್ತಿದೆ. ಎದುರು ಮೇಜಿನಿಂದ ಗುಮ್ಮನಗುಸಕ ನಮ್ಮಿಬ್ಬರನ್ನೇ ನೋಡುತ್ತಿದ್ದ. ನಾನು ನೋಡಿದ್ದೇ ತಡ, ಕಣ್ಣು ತಗ್ಗಿಸಿದ.

ತಮ್ಮನನ್ನು ಬಸ್ಸು ಹತ್ತಿಸಿ ಬಂದು ಕೆಲಸ ಶುರು ಮಾಡಿದೆ. ಯಾವ ಜಾಗದ ದಾಖಲೆಯನ್ನು ಯಾರು, ಯಾವಾಗ ತೆರೆದರೆಂದು ನಮ್ಮ ಯಂತ್ರ ಬರೆದಿಡುತ್ತದೆ. ತೊಟ್ಟಿಲಿನ ದಾಖಲೆಯನ್ನು ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ. ಮೂರು ವಾರದ ಕೆಳಗೆ ಒಂದೇ ದಿನ ನಾಲ್ಕು ಸಲ ತೆರೆದಿದ್ದರು. ತೆರೆದವನು ಗುಮ್ಮನಗುಸಕ.

ಕಪಾಟಿಗೆ ಹೋದೆ. ಪ್ರತಿ ಜಾಗಕ್ಕೂ ಒಂದೊಂದು ಕಾಗದದ ಕಡತವಿದೆ. ತೊಟ್ಟಿಲಿನ ಕಡತ ಇರಬೇಕಾದ ಕಡೆ ಬೆರಳಗಲದ ಸಂದು ಇತ್ತು. ಒಯ್ದವರು ಸಹಿ ಮಾಡುವ ಪುಸ್ತಕದಲ್ಲಿ ಸಹಿಯಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಒಂದು ಬಗೆಯ ಸಂತೋಷವೇ ಆಯಿತು. ಕಡಲು ಇಲಾಖೆಯವನು, ಟ್ರಾಲರುಗಳಿಗೆ ಪರವಾನಗಿ ಕೊಡುವ ಇಲಾಖೆ, ಮೆಟ್ಟಿಲ ಹತ್ತಿರದ ಫೋನು, ನನ್ನ ತಮ್ಮನ ವಿಚಾರಣೆ. ಲೆಕ್ಕ ಪಕ್ಕಾ ಕೂತಿತ್ತು.

ಮರುದಿನ ಶುಕ್ರವಾರ. ಊಟದ ಹೊತ್ತಿಗೆ ಕೋಣೆ ಖಾಲಿಯಾಯಿತು. ಗುಮ್ಮನಗುಸಕ ಡಬ್ಬಿ ಹಿಡಿದು ಕೆಳಗೆ ಹೋದದ್ದನ್ನು ಕಿಟಕಿಯಿಂದ ನೋಡಿ ಖಾತ್ರಿ ಮಾಡಿಕೊಂಡೆ. ಮೂವತ್ತೊಂದು ವರ್ಷದಲ್ಲಿ ಇನ್ನೊಬ್ಬರ ಮೇಜಿನ ಖಾನೆಗೆ ಕೈ ಹಾಕಿದವಳಲ್ಲ. ಅವತ್ತು ಹಾಕಿದೆ. ಬೀಗವೂ ಇರಲಿಲ್ಲ. ಎರಡನೇ ಖಾನೆಯಲ್ಲಿ, ಒಂದು ಟವಲಿನ ಕೆಳಗೆ ಕಡತ ಸಿಕ್ಕಿತು.

ಮೊದಲ ಹಾಳೆ, ಹನ್ನೊಂದು ವರ್ಷದ ಹಿಂದಿನ ಪತ್ರ. ಗಡಿ ಇಲ್ಲ, ಚುಕ್ಕಿ ಇದೆ. ಇಷ್ಟು ಡಿಗ್ರಿ ಹತ್ತು ನಿಮಿಷ ಉತ್ತರ, ನಲವತ್ತೆರಡು ಚದರ ಕಿಲೋಮೀಟರ್. ಎರಡನೇ ಹಾಳೆ ಯಂತ್ರಕ್ಕೆ ಅಂಕಿ ತುಂಬುವ ಮುನ್ನ ನಾವು ಬರೆಯುವ ಚೀಟಿ. ಅದರಲ್ಲಿ ಡಿಗ್ರಿಯ ಮುಂದೆ ಪಾಯಿಂಟ್ ಒಂದು ಸೊನ್ನೆ ಎಂದಿತ್ತು.

ಗಂಟೆಗೆ ಅರವತ್ತು ನಿಮಿಷ ಇರುವ ಹಾಗೆ ಡಿಗ್ರಿಗೂ ಅರವತ್ತು ನಿಮಿಷ. ಹತ್ತು ನಿಮಿಷ ಅಂದರೆ ಡಿಗ್ರಿಯ ಆರನೇ ಒಂದು ಪಾಲು. ಯಾರೋ ಪೆದ್ದರು ಆ ಹತ್ತನ್ನು ಹಾಗೇ ಎತ್ತಿ ಪಾಯಿಂಟಿನ ಮುಂದೆ ಇಟ್ಟಿದ್ದರು. ಅದು ಹತ್ತನೇ ಒಂದು ಪಾಲು, ಬರೀ ಆರು ನಿಮಿಷ. ನಾಲ್ಕು ನಿಮಿಷ ಬಿಟ್ಟುಹೋಗಿತ್ತು. ಕಡಲಿನಲ್ಲಿ ಒಂದು ನಿಮಿಷಕ್ಕೆ ಒಂದು ಕಡಲಮೈಲಿ, ನಾಲ್ಕು ನಿಮಿಷಕ್ಕೆ ಏಳು ಕಿಲೋಮೀಟರ್ ನಾನೂರು ಮೀಟರ್. ತಟ್ಟೆಯ ಅಗಲ ಏಳು ಕಿಲೋಮೀಟರ್ ಮುನ್ನೂರು. ಅಂದರೆ ನಮ್ಮ ತಟ್ಟೆ ತೊಟ್ಟಿಲಿನ ಒಂದು ಬೊಗಸೆ ನೀರನ್ನೂ ಮುಚ್ಚಿರಲಿಲ್ಲ. ಹೊಸದಾಗಿ ಸೇರಿದವರಿಗೆ ಮೊದಲ ದಿನ ನಾನು ಹೇಳಿಕೊಡುವ ಪಾಠವೇ ಇದು. ನಿಮಿಷವನ್ನು ಅರವತ್ತರಿಂದ ಭಾಗಿಸಿ, ಹಾಗೇ ಬರೆದರೆ ಕೈ ಮುರೀತೀನಿ ಅಂತ ತಮಾಷೆಗೆ ಹೆದರಿಸುತ್ತೇನೆ.

ಆಗ ಸೊನ್ನೆಯನ್ನು ನೋಡಿದೆ. ಕೆಳಗಿನಿಂದ ಶುರುವಾಗಿ ತುದಿಯಲ್ಲಿ ಪುಟ್ಟ ಕೊಕ್ಕೆ ಬಿಟ್ಟ ಸೊನ್ನೆ. ಆ ಸೊನ್ನೆಯನ್ನು ಈ ಆಫೀಸಿನಲ್ಲಿ ಒಬ್ಬಳೇ ಬರೆಯುತ್ತಾಳೆ. ಚೀಟಿಯ ಬುಡದಲ್ಲಿ ಸಹಿಯೂ ಇತ್ತು. ನನ್ನದೇ.

ಎಷ್ಟು ಹೊತ್ತು ನಿಂತಿದ್ದೆನೋ. ರಬ್ಬರ್ ಚಪ್ಪಲಿ ಸದ್ದು ಮಾಡುವುದಿಲ್ಲವಲ್ಲ, ತಿರುಗಿದಾಗ ಆತ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದ. ಕಳ್ಳಿಯ ಹಾಗೆ ನನ್ನ ಕೈ ಇನ್ನೂ ಖಾನೆಯಲ್ಲೇ ಇತ್ತು.

“ಕೂತ್ಕೊಳ್ಳಿ ಮೇಡಂ,” ಅಂದ. ತನ್ನ ಕುರ್ಚಿಯನ್ನೇ ಎಳೆದುಕೊಟ್ಟ.

“ಯಾವಾಗಿಂದ ಗೊತ್ತು ನಿಮಗೆ?”

“ಮೂರು ವಾರ ಆಯ್ತು.”

“ಯಾಕೆ ಹೇಳ್ಲಿಲ್ಲ?”

ಆತ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ಸರಿಮಾಡಿದ. “ಬೇಜಾರು ಮಾಡ್ಕೋಬೇಡಿ. ನಿಮ್ಮ ಕೈಯಲ್ಲಿ ಇಂಥ ತಪ್ಪು ಆಗೋಕೆ ಸಾಧ್ಯಾನಾ? ಬೇಕಂತ್ಲೇ ಮಾಡಿದೀರ ಅಂದುಕೊಂಡೆ. ತಮ್ಮ ಮೀನು ಹಿಡಿಯೋನು, ಅಕ್ಕ ತೊಟ್ಟಿಲನ್ನ ಅವನಿಗೋಸ್ಕರ ಖಾಲಿ ಬಿಟ್ಟಿದಾಳೆ ಅಂತ. ಬಂದರಿಗೆ ಫೋನ್ ಮಾಡಿ ವಿಚಾರಿಸಿದೆ. ನಿಮ್ಮ ತಮ್ಮ ಹನ್ನೊಂದು ವರ್ಷದಲ್ಲಿ ಒಂದು ದಿನಾನೂ ಆ ಕಡೆ ಹೋಗಿಲ್ಲ ಅಂತ ಎಲ್ಲರೂ ಹೇಳಿದ್ರು. ಆಮೇಲೆ ನಿಮಗೆ ಹೇಗೆ ಹೇಳೋದು ಅಂತಾನೇ ಗೊತ್ತಾಗ್ಲಿಲ್ಲ. ಇನ್ನೆರಡು ತಿಂಗಳಿಗೆ ನಿಮ್ಮ ನಿವೃತ್ತಿ ಬೇರೆ.”

ನನಗೆ ರೇಗಿತು. ಆತನ ಮೇಲೋ ನನ್ನ ಮೇಲೋ ಗೊತ್ತಿಲ್ಲ.

“ಮೂರು ವಾರದ ಕೆಳಗೆ ಬಾಯಿ ಬಿಟ್ಟಿದ್ರೆ ನನ್ನ ತಮ್ಮನ ದೋಣಿಗೆ ಸೀಲ್ ಬೀಳ್ತಿರ್ಲಿಲ್ಲ!”

“ಹೌದು,” ಅಂದ. ವಾದಿಸಿದ್ದರೆ ಜಗಳವಾದರೂ ಆಡಬಹುದಿತ್ತು.

ಇಬ್ಬರೂ ಕಡತ ಹಿಡಿದು ಮುಖ್ಯಸ್ಥರ ಕೋಣೆಗೆ ಹೋದೆವು. ನನಗಿಂತ ಹದಿನೈದು ವರ್ಷ ಚಿಕ್ಕವರು, ಒಳ್ಳೆಯವರೇ. ಎಲ್ಲವನ್ನೂ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಕಡಲಿನ ಶೇಕಡಾ ಬದಲಾಗುತ್ತಾ?”

ಆ ಪ್ರಶ್ನೆಯನ್ನು ನಾನು ಅಲ್ಲಿಯ ತನಕ ಕೇಳಿಕೊಂಡೇ ಇರಲಿಲ್ಲ. ತಟ್ಟೆ ಎಲ್ಲಿದ್ದರೂ ನಲವತ್ತೆರಡು ನಲವತ್ತೆರಡೇ.

“ಇಲ್ಲ. ಹದಿನೇಳು ಪಾಯಿಂಟ್ ನಾಲ್ಕು. ಹಾಗೇ ಇರುತ್ತೆ.”

“ಅಬ್ಬ,” ಅಂತ ಹಿಂದಕ್ಕೆ ಒರಗಿದರು. “ಮತ್ತೇನು ತೊಂದರೆ? ಇವತ್ತೇ ಸರಿಯಾದ ಜಾಗಕ್ಕೆ ಸರಿಸಿ. ಗಡಿ ಪರಿಷ್ಕರಿಸಲಾಗಿದೆ ಅಂತ ಒಂದು ಸಾಲು ಬರೀರಿ. ಯಾರ ಹೆಸರೂ ಬೇಡ.”

ಒಂದು ನಿಮಿಷ ಆ ಮಾತು ನನಗೆ ಹಿತವಾಗಿಯೇ ಕೇಳಿಸಿತು. ಯಾರ ಹೆಸರೂ ಬೇಡ. ಆದರೆ ಗಡಿ ಇವತ್ತು ಪರಿಷ್ಕರಿಸಿದ್ದಾದರೆ, ಮೊನ್ನೆ ಅದು ಸರಿಯಾಗಿಯೇ ಇತ್ತು ಅಂತ ಆಗುತ್ತದೆ. ಮೊನ್ನೆ ಸಿಕ್ಕಿಬಿದ್ದ ತಮ್ಮ ತಪ್ಪಿತಸ್ಥನೇ ಆಗುತ್ತಾನೆ. ಅವನು ಉಳಿಯಬೇಕಾದರೆ ಗಡಿ ಮೊದಲ ದಿನದಿಂದಲೇ ತಪ್ಪಾಗಿತ್ತು, ಇಂಥವರು ತಪ್ಪು ಬರೆದರು ಅಂತ ಹೆಸರು ಹಿಡಿದು ಬರೆಯಬೇಕು.

“ನನ್ನ ಹೆಸರು ಬೇಕು,” ಅಂದೆ.

“ಮೇಡಂ, ನಿಮ್ಮ ಸೇವಾ ಪುಸ್ತಕದಲ್ಲಿ ಬರುತ್ತೆ. ಅದೂ ಈಗ. ತಮ್ಮನಿಗೋಸ್ಕರ ಅಕ್ಕ ಕಥೆ ಕಟ್ಟಿದಳು ಅಂತ ಜನ ಬೇರೆ ಆಡ್ಕೋತಾರೆ.”

ಅದು ನಿಜ. ಜನರ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

“ತಪ್ಪು ಕಂಡುಹಿಡಿದಿದ್ದು ನಾನು,” ಅಂದ ಗುಮ್ಮನಗುಸಕ. ಆ ಕೋಣೆಯಲ್ಲಿ ಆತ ಆಡಿದ ಮೊದಲ ಮಾತು. “ಇವರ ತಮ್ಮ ಸಿಕ್ಕಿಬೀಳೋಕೆ ಮುಂಚೆ. ದಿನ, ಗಂಟೆ ಯಂತ್ರದಲ್ಲಿದೆ. ನಾನು ಅದನ್ನ ಮುಚ್ಚಿಟ್ಟೆ ಅಂತಲೂ ಬರೀತೀನಿ. ಇಬ್ಬರದ್ದೂ ಸಹಿ ಇರಲಿ.”

ನಾನು ಆತನ ಮುಖ ನೋಡಿದೆ. ಇದರಲ್ಲಿ ಈತನಿಗೇನು ಲಾಭ ಅಂತ ಹುಡುಕಿದೆ. ಎಷ್ಟು ಹುಡುಕಿದರೂ ಸಿಗಲಿಲ್ಲ.

ಶನಿವಾರ ಬೆಳಿಗ್ಗೆ ಪತ್ರ ಹಿಡಿದು ಬಂದರಿಗೆ ಹೋದೆ. ಸೀಲ್ ಹಾಕಿದ ದೋಣಿ ದಕ್ಕೆಯ ಕೊನೆಯಲ್ಲಿ ಕಟ್ಟಿತ್ತು. ತಮ್ಮ ಅದರ ಎದುರಿನ ಶೆಡ್ಡಿನಲ್ಲಿ ಕೂತು ಬಲೆ ಹೊಲಿಯುತ್ತಿದ್ದ. ನಾನು ಪತ್ರ ಕೊಟ್ಟೆ. ಅವನು ನಿಧಾನಕ್ಕೆ ಓದುವವನು, ತುಟಿ ಆಡಿಸಿಕೊಂಡು ಓದಿದ. ನನ್ನ ಹೆಸರಿರುವ ಸಾಲಿಗೆ ಬಂದಾಗ ತುಟಿ ನಿಂತಿತು.

“ನೀನಾ?”

“ನಾನೇ ಕಣೋ.”

ಬಲೆಯ ಕಣ್ಣಿಗೆ ದಾರ ಪೋಣಿಸಿ ಗಂಟು ಬಿಗಿದ. ಆಮೇಲೆ ಅಂದ: “ಇಲ್ಲಿ ಎಲ್ಲರೂ ಹೇಳ್ತಾನೇ ಇದ್ರು, ನಿಮ್ಮಕ್ಕನ ಆಫೀಸಿನೋರೇ ಟ್ರಾಲರ್‌ನೋರ ಹತ್ರ ತಿಂದಿದಾರೆ, ನಿಮ್ಮಕ್ಕನಿಗೂ ಪಾಲಿರಬೇಕು ಅಂತ. ಒಬ್ಬನ ಕೊರಳಪಟ್ಟಿ ಹಿಡಿದಿದ್ದೆ ಆ ಮಾತಿಗೆ. ನನಗೆ ನಿನ್ನ ಮೇಲೆ ಒಂದು ದಿನಾನೂ ಅನುಮಾನ ಬರ್ಲಿಲ್ಲ ಅಕ್ಕ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ಮುಂದೆ ಅಳಬಾರದೆಂದು ಸೀಲಿನ ಮೇಲಿನ ಅಕ್ಷರ ಓದುತ್ತಾ ನಿಂತೆ.

“ಹಂಗಾದ್ರೆ ಟ್ರಾಲರ್‌ನೋರದ್ದು ಏನೂ ತಪ್ಪಿಲ್ಲ?”

“ನಕ್ಷೆ ಪ್ರಕಾರ ಇಲ್ಲ.”

“ನಾವು ಬೋರ್ಡ್ ನೋಡ್ಕೊಂಡು ಸುಮ್ಮನಿದ್ವಿ.”

ಸೋಮವಾರದ ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯಿತು. ಪತ್ರ ಓದಿದರು, ಸೀಲ್ ತೆಗೆಯಲು ಹೇಳಿದರು, ಪರವಾನಗಿ ಉಳಿಯಿತು. ತಮ್ಮ ನನಗೆ ಫೋನ್ ಮಾಡಿ ‘ಆಯ್ತು’ ಅಂದ. ಅಷ್ಟೇ. ಆಮೇಲೆ ಎರಡು ವಾರ ಫೋನಿಲ್ಲ. ನಾನು ಮಾಡಿದರೆ ಅವನ ಹೆಂಡತಿ ಎತ್ತಿ, ಅವರು ಈಗಷ್ಟೇ ಹೊರಗೆ ಹೋದರು ಅನ್ನುತ್ತಿದ್ದಳು. ಅವಳು ಒಳ್ಳೆಯವಳು, ಸುಳ್ಳು ಹೇಳಲು ಬರುವುದಿಲ್ಲ. ಆ ವಾರವೇ ನಮ್ಮ ವಾರ್ಷಿಕ ವರದಿ ಅಚ್ಚಾಗಿ ಬಂತು. ಕಡಲು, ಶೇಕಡಾ ಹದಿನೇಳು ಪಾಯಿಂಟ್ ನಾಲ್ಕು.

ಹದಿನೈದನೇ ದಿನ ಅವನೇ ಫೋನ್ ಮಾಡಿದ.

“ಭಾನುವಾರ ಬಾ. ತೊಟ್ಟಿಲಿಗೆ ಹೋಗೋಣ.”

“ಅಲ್ಲಿಗೆ ಹೋಗೋ ಹಾಗಿಲ್ಲ ಕಣೋ.”

“ಚೀಟಿ ತಗೊಂಡು ಬಾ. ಅಳೆಯೋರು ನೀವೇ ತಾನೆ?”

ಗುಮ್ಮನಗುಸಕನೇ ಓಡಾಡಿ, ಕಡಲ ತಳ ಪರೀಕ್ಷೆಗೆ ಅಂತ ಅನುಮತಿ ಚೀಟಿ ತಂದುಕೊಟ್ಟ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೊರಟೆವು, ತಮ್ಮ ಮತ್ತು ನಾನು. ಬಿಸಿಲು ಚೆನ್ನಾಗಿತ್ತು, ನೀರು ಶಾಂತವಾಗಿತ್ತು. ದೀಪದ ಬಂಡೆ ಮೆಲ್ಲಗೆ ಸರಿಯುತ್ತಾ ಬಂದು ಗುಡ್ಡದ ಸೀಳಿಗೆ ನೇರ ನಿಂತಾಗ ತಮ್ಮ ಎಂಜಿನ್ ಆರಿಸಿದ.

ಸೀಟಿನ ಕೆಳಗಿಂದ ಅಪ್ಪನ ಸೀಸದ ಗುಂಡು ತೆಗೆದ. ಉದ್ದ ಹಗ್ಗದ ತುದಿಗೆ ಕಟ್ಟಿದ ಭಾರದ ಗುಂಡು, ಅದರ ಬುಡದಲ್ಲಿ ಒಂದು ಗುಳಿ. ಆ ಗುಳಿಗೆ ಬಟ್ಟೆ ಒಗೆಯುವ ಸಾಬೂನನ್ನು ನಾದಿ ಮೆತ್ತಿ ಕೆಳಗೆ ಬಿಡುತ್ತಾರೆ. ತಳಕ್ಕೆ ಬಡಿದಾಗ ಅಲ್ಲಿ ಏನಿದೆಯೋ ಅದು ಸಾಬೂನಿಗೆ ಅಂಟಿಕೊಂಡು ಮೇಲೆ ಬರುತ್ತದೆ. ನಾನು ಲಂಗ ಹಾಕುವ ವಯಸ್ಸಿನಲ್ಲಿ ಇದೇ ಜಾಗದಲ್ಲಿ ಅಪ್ಪ ಗುಂಡು ಎತ್ತಿ ನನ್ನ ಕೈಗೆ ಕೊಟ್ಟಿದ್ದರು. ಹಸಿರು ಪಾಚಿಯ ಎಳೆ, ಕೆಂಪು ಹರಳಿನಂಥ ಚೂರು, ಇನ್ನೂ ಕಾಲಾಡಿಸುತ್ತಿದ್ದ ಉಗುರಿನಷ್ಟು ಏಡಿ ಎಲ್ಲ ಅಂಟಿಕೊಂಡಿದ್ದವು. ಏಡಿಯನ್ನು ನಾನು ಮನೆಗೆ ಒಯ್ಯುತ್ತೇನೆ ಅಂತ ಹಟ ಮಾಡಿದ್ದೆ.

ತಮ್ಮ ಗುಂಡು ಇಳಿಸಿದ. ತಳ ಮುಟ್ಟಿದ ಮೇಲೆ ಎತ್ತಿ, ಒರೆಸದೆ ನನ್ನ ಕೈಗೆ ಕೊಟ್ಟ. ಸಾಬೂನಿನ ತುಂಬ ಬೂದು ಬಣ್ಣದ ಕೆಸರು. ಹೆಬ್ಬೆರಳಿನಿಂದ ಕೆರೆದು ನೋಡಿದೆ. ಕನ್ನಡಕ ಏರಿಸಿ ನೋಡಿದೆ. ಒಂದು ಎಳೆ ಇಲ್ಲ, ಒಂದು ಚಿಪ್ಪಿನ ಚೂರಿಲ್ಲ.

“ನೀನು ಸರಿಯಾದ ಜಾಗಕ್ಕೆ ಬಂದಿಲ್ಲ,” ಅಂದೆ.

ಅವನು ಕೋಪ ಮಾಡಿಕೊಳ್ಳಲಿಲ್ಲ. ದೀಪದ ಬಂಡೆಯ ಕಡೆ, ಗುಡ್ಡದ ಕಡೆ ಕೈ ತೋರಿಸಿದ. ಕೊಂಚ ಮುಂದೆ ಹೋಗಿ ಮತ್ತೆ ಇಳಿಸಿದ. ಕೆಸರು. ಮತ್ತೊಂದು ಕಡೆ. ಕೆಸರು. ಒಂದು ಸಲ ಗುಂಡಿನ ಜೊತೆ ಟ್ರಾಲರ್ ಬಲೆಯ ನೀಲಿ ನೈಲಾನ್ ತುಂಡೊಂದು ಬಂತು. ಈ ನಲವತ್ತೆರಡು ಚದರ ಕಿಲೋಮೀಟರನ್ನು ಹನ್ನೊಂದು ವರದಿಗಳಲ್ಲಿ ನಾನು ಎಣಿಸಿದ್ದೇನೆ. ಕೂಡಿದ್ದೇನೆ, ತಾಳೆ ನೋಡಿದ್ದೇನೆ, ಸಹಿ ಹಾಕಿದ್ದೇನೆ.

“ಇನ್ನೊಂದು ಸಲ ಇಳಿಸೋ.”

ಇಳಿಸಿದ.

“ಆ ಪಕ್ಕ ನೋಡು. ಅಲ್ಲಿರಬಹುದು.”

ನೋಡಿದ. ನಾನು ಪ್ರತಿ ಸಲವೂ ಅಂಗೈಯಲ್ಲಿ ಕೆಸರನ್ನು ಹರಡಿ ಹುಡುಕಿದೆ. ಒಂದು ಚೂರಾದರೂ ಇರಬೇಕು, ನನ್ನ ಕಣ್ಣಿಗೆ ಬಿದ್ದಿಲ್ಲ ಅಷ್ಟೇ ಅಂದುಕೊಂಡೆ. ಸೀರೆಯೆಲ್ಲ ಬೂದು ಬಣ್ಣವಾಯಿತು. ಬಿಸಿಲು ನೆತ್ತಿಗೆ ಬಂತು.

“ಇನ್ನೊಂದೇ ಒಂದು ಸಲ.”

ತಮ್ಮ ನನ್ನ ಕೈಯಿಂದ ಗುಂಡನ್ನು ತೆಗೆದುಕೊಂಡು ನೀರಿನಲ್ಲಿ ಅದ್ದಿ ತೊಳೆದ. ಆಮೇಲೆ ನನ್ನ ಎರಡೂ ಕೈಗಳನ್ನು ಹಿಡಿದು, ಚಿಕ್ಕವರಿದ್ದಾಗ ನಾನು ಅವನ ಕೈ ತೊಳೆಸುತ್ತಿದ್ದ ಹಾಗೆ, ಒಂದೊಂದೇ ಬೆರಳು ತೊಳೆದ.

“ಸಾಕು ಅಕ್ಕ,” ಅಂದ. “ಸಾಬೂನು ಮುಗೀತು.”